ಹಳೇ ಪೇಪರ್‌ಗಳಲ್ಲಿ ಸಿಂಗಾಪುರದ ವಾಲಂಟಿಯರ್ ಪಡೆ: ನ್ಯೂಸ್‌ಪೇಪರ್‌ಎಸ್‌ಜಿ ಹೇಗಿದೆ?

ಹಳೇ ಕಾಲದ ಸೈನ್ಯ, ಪಲ್ಟಣ ಅಂದರೆ ಕಿವಿ ನೆಟ್ಟಗಾಗುವವರು ನೀವಾದರೆ ಈ ತಾಣ ನಿಮಗೆ ಗೊತ್ತಿರಲೇಬೇಕು. ಹೆಸರು ನ್ಯೂಸ್‌ಪೇಪರ್‌ಎಸ್‌ಜಿ. ಸಿಂಗಾಪುರದ ನ್ಯಾಷನಲ್ ಲೈಬ್ರರಿ ಬೋರ್ಡ್ ಇದನ್ನು ನಡೆಸುತ್ತದೆ. 1800ರ ದಶಕಗಳಿಂದ ಹಿಡಿದು ಅಲ್ಲಿ ಅಚ್ಚಾದ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಹಾಕಿದ್ದಾರೆ. ಹಳೆಯವನ್ನು ಓದಲು ದುಡ್ಡು ಕೊಡಬೇಕಿಲ್ಲ, ನಮ್ಮೂರಲ್ಲಿ ಕೂತೇ ಓದಬಹುದು. ನಾನು ಇದಕ್ಕೆ ಅಂಟಿಕೊಂಡಿದ್ದು ಸಿಂಗಾಪುರ ವಾಲಂಟಿಯರ್ ಪಡೆಯ ಬೆನ್ನುಹತ್ತಿ. ಹಗಲೆಲ್ಲ ಆಫೀಸು, ವ್ಯಾಪಾರ ನೋಡಿಕೊಂಡು ಸಂಜೆ ಹೋಗಿ ಡ್ರಿಲ್ ಮಾಡುತ್ತಿದ್ದವರ ಪಡೆ ಅದು.

ಪುಸ್ತಕಗಳಲ್ಲಿ ಇದರ ಕಥೆ ನಾಲ್ಕು ಸಾಲಿಗೆ ಮುಗಿಯುತ್ತದೆ. 1854ರಲ್ಲಿ ಚೀನೀಯರ ಎರಡು ಪಂಗಡಗಳ ನಡುವೆ ದೊಡ್ಡ ಗಲಭೆಯಾಯಿತು, ಅದರ ಬೆನ್ನಿಗೇ ಯುರೋಪಿಯನ್ನರು ಸೇರಿ ರೈಫಲ್ ಕೋರ್ ಕಟ್ಟಿದರು. ಆಗ ಸಿಂಗಾಪುರ ಇದ್ದದ್ದು ಭಾರತದ ಬ್ರಿಟಿಷ್ ಸರ್ಕಾರದ ಕೈಕೆಳಗೆ, 1867ರ ತನಕ. ಬರಬರುತ್ತಾ ಸೇರುವವರು ಕಡಿಮೆಯಾಗಿ 1887ರಲ್ಲಿ ಆ ಪಡೆಯನ್ನು ಮುಚ್ಚಿದರು. ಮರುವರ್ಷ ವಾಲಂಟಿಯರ್ ಆರ್ಟಿಲರಿ, ಅಂದರೆ ಫಿರಂಗಿ ಪಡೆ, ಬಂತು. 1901ರಲ್ಲಿ ಅದಕ್ಕೆ ರೈಫಲ್ಸ್, ಎಂಜಿನಿಯರ್ಸ್, ಯುರೇಷಿಯನ್ (ಯುರೋಪ್-ಏಷ್ಯಾ ಮಿಶ್ರ ಮೂಲದವರ) ಮತ್ತು ಚೀನೀ ತುಕಡಿಗಳನ್ನೂ (ಕಂಪನಿ) ಸೇರಿಸಿ ಸಿಂಗಾಪುರ ವಾಲಂಟಿಯರ್ ಕೋರ್ ಮಾಡಿದರು. 1922ರಲ್ಲಿ ಮತ್ತೆ ಬದಲಾವಣೆ. ಸಿಂಗಾಪುರದ ಎರಡು ಬೆಟಾಲಿಯನ್, ಪೆನಾಂಗ್‌ನದು ಒಂದು, ಮಲಾಕ್ಕಾದ್ದು ಒಂದು, ಎಲ್ಲಾ ಸೇರಿ ಸ್ಟ್ರೇಟ್ಸ್ ಸೆಟಲ್‌ಮೆಂಟ್ಸ್ ವಾಲಂಟಿಯರ್ ಫೋರ್ಸ್. ಈ ಮೂರೂ ಊರುಗಳಿದ್ದ ಬ್ರಿಟಿಷ್ ವಸಾಹತಿನ ಹೆಸರೇ ಸ್ಟ್ರೇಟ್ಸ್ ಸೆಟಲ್‌ಮೆಂಟ್ಸ್.

ಆದರೆ ಪಡೆ ಹೊಸದಾಗಿ ಕಟ್ಟೋದು ಅಂದರೆ ಬರೀ ಹೆಸರು ಬದಲಾಯಿಸೋದಲ್ಲ ಅಲ್ವಾ? ಯಾರು ಕಲಿಸಿದರು, ಯಾವ ಹೊತ್ತಿಗೆ, ಎಲ್ಲಿ? ಅದು ಸಿಗೋದು ಪೇಪರ್‌ನಲ್ಲೇ. ಒಳಪುಟದಲ್ಲಿ, ಹಡಗುಗಳ ಸುದ್ದಿ ಹರಾಜಿನ ಜಾಹೀರಾತುಗಳ ನಡುವೆ, ವಾಲಂಟಿಯರ್‌ಗಳ ವಾರದ ಆರ್ಡರ್ಸ್ ಇರುತ್ತವೆ. ಯಾವ ದಿನ ಸಂಜೆ ಯಾರಿಗೆ ಮ್ಯಾಕ್ಸಿಮ್ ಗನ್ (ಆಗಿನ ಮೆಷಿನ್ ಗನ್) ಡ್ರಿಲ್, ಹೊಸಬರಿಗೆ ಕವಾಯತು ಎಲ್ಲಿ, ರೇಂಜ್‌ನಲ್ಲಿ ಗುರಿ ಅಭ್ಯಾಸ ಯಾವಾಗ, ಆ ವಾರದ ಡ್ಯೂಟಿ ಆಫೀಸರ್ ಯಾರು, ಕೊನೆಗೆ ಪಡೆಯ ಆಡಳಿತ ನೋಡಿಕೊಳ್ಳುವ ಅಧಿಕಾರಿ ಅಡ್ಜುಟೆಂಟ್ ಹೆಸರು. ಕೆಲವು ಕಡೆ ಶೂಟಿಂಗ್ ಸ್ಪರ್ಧೆಯ ಅಂಕಪಟ್ಟಿಯೂ ಇರುತ್ತದೆ, ಒಬ್ಬೊಬ್ಬರ ಹೆಸರಿನ ಮುಂದೆ ಯಾವ ದೂರದಿಂದ ಎಷ್ಟು ಅಂಕ ಅಂತ. ಬಿಡುವಿನ ಹೊತ್ತಲ್ಲಿ ಸೈನಿಕರಾದವರನ್ನು ಪಳಗಿಸೋದು ಎಷ್ಟು ನಿಧಾನದ ಕೆಲಸ, ಅದಕ್ಕೆ ಎಷ್ಟು ತಾಳ್ಮೆ ಬೇಕು ಅನ್ನೋದು ವಾರದ ಮೇಲೆ ವಾರ ಇವನ್ನು ಓದಿದರೆ ಮಾತ್ರ ಅರ್ಥವಾಗುತ್ತದೆ, ಯಾವ ಪುಸ್ತಕವೂ ನನಗೆ ಅದನ್ನು ಹೀಗೆ ಕಾಣಿಸಿಲ್ಲ.

1915ನ್ನು ಬಿಡಬೇಡಿ. ಫೆಬ್ರವರಿ 15ರಂದು ಅಲ್ಲಿದ್ದ 5ನೇ ಲೈಟ್ ಇನ್‌ಫಂಟ್ರಿಯ ಭಾರತೀಯ ಸಿಪಾಯಿಗಳು ದಂಗೆ ಎದ್ದರು. ದ್ವೀಪದಲ್ಲಿ ಬ್ರಿಟಿಷ್ ಸೈನ್ಯ ತೀರಾ ಕಡಿಮೆ ಇತ್ತು, ಹಾಗಾಗಿ ಈ ವಾಲಂಟಿಯರ್‌ಗಳೇ ಬಂದೂಕು ಹಿಡಿದು ಇಳಿಯಬೇಕಾಯಿತು. ಆಮೇಲೆ 47 ಸಿಪಾಯಿಗಳನ್ನು ಜೈಲಿನ ಗೋಡೆಗೆ ನಿಲ್ಲಿಸಿ, ಜನರ ಕಣ್ಣೆದುರೇ ಗುಂಡಿಟ್ಟು ಕೊಂದರು. ಅದನ್ನು ಓದುವಾಗ ನನಗೆ ತುಂಬಾ ಸಂಕಟವಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಮಿಲಿಟರಿ ತರಬೇತಿ ಕಡ್ಡಾಯ ಮಾಡುವ ಕಾನೂನು ತಂದರು. ಇಷ್ಟಪಟ್ಟು ಸೇರುವವರನ್ನೇ ನಂಬಿಕೊಂಡಿದ್ದರೆ ಸಾಲದು ಅನ್ನೋದು ಅವರಿಗೆ ದಂಗೆಯಿಂದಲೇ ಗೊತ್ತಾಗಿದ್ದು.

ಇನ್ನು ಕಷ್ಟಗಳು. ಹಳೇ ಅಚ್ಚು ಮಸುಕಾಗಿರುವ ಕಡೆ ಕಂಪ್ಯೂಟರ್ ಅಕ್ಷರ ತಪ್ಪಾಗಿ ಓದಿರುತ್ತದೆ, ಆಗ ಸುದ್ದಿ ಅಲ್ಲೇ ಇದ್ದರೂ ಹುಡುಕಿದಾಗ ಸಿಗುವುದಿಲ್ಲ. ಅಂಕಪಟ್ಟಿಗಳಲ್ಲಂತೂ ಇದು ಜಾಸ್ತಿ, ಪುಟದ ಚಿತ್ರವನ್ನೇ ದೊಡ್ಡದು ಮಾಡಿ ಓದಿ. ಮೊಬೈಲ್‌ನಲ್ಲಿ ಕಣ್ಣು ನೋಯುತ್ತದೆ, ಲ್ಯಾಪ್‌ಟಾಪ್ ಬೇಕೇ ಬೇಕು. ಇನ್ನೊಂದು ಮಾತು. ಇಂಗ್ಲಿಷ್ ಪತ್ರಿಕೆಗಳನ್ನು ನಡೆಸುತ್ತಿದ್ದವರು, ಓದುತ್ತಿದ್ದವರು ಹೆಚ್ಚಾಗಿ ಆಳುವವರ ಕಡೆಯವರು. ದಂಗೆ ಎದ್ದ ಸಿಪಾಯಿಯ ಮನಸ್ಸಿನಲ್ಲಿ ಏನಿತ್ತು ಅಂತ ಅವುಗಳಲ್ಲಿ ಹುಡುಕಬೇಡಿ. ಚೀನೀ ಕಂಪನಿಯವರು ತಮ್ಮ ಮನೆಯಲ್ಲಿ ಈ ಡ್ರಿಲ್ ಬಗ್ಗೆ ಏನು ಮಾತಾಡುತ್ತಿದ್ದರು ಅನ್ನೋದೂ ಇಂಗ್ಲಿಷ್ ಪುಟಗಳಲ್ಲಿ ಕಾಣುವುದಿಲ್ಲ. ತಾಣದಲ್ಲಿ ಮಲಯ್, ಚೀನೀ, ತಮಿಳು ಪತ್ರಿಕೆಗಳೂ ಇವೆ, ತಮಿಳು ಓದಲು ಬರುವವರು ಅತ್ತಲೂ ಒಮ್ಮೆ ನೋಡಿ.

ಶುರು ಮಾಡುವವರು ಬರೀ ವಾಲಂಟಿಯರ್ಸ್ ಅಂತ ಹುಡುಕಿದರೆ ರಾಶಿ ಬಂದು ಬೀಳುತ್ತದೆ. ದಿ ಸ್ಟ್ರೇಟ್ಸ್ ಟೈಮ್ಸ್ ಅನ್ನೋ ಇಂಗ್ಲಿಷ್ ಪತ್ರಿಕೆ ಒಂದನ್ನೇ ಆರಿಸಿಕೊಳ್ಳಿ, 1901ರಿಂದ 1914ರ ನಡುವೆ ಅಂತ ವರ್ಷ ಹಾಕಿ, ಎಸ್.ವಿ.ಸಿ. (ಸಿಂಗಾಪುರ ವಾಲಂಟಿಯರ್ ಕೋರ್) ಅನ್ನೋ ಮೂರು ಅಕ್ಷರವನ್ನು ಇಂಗ್ಲಿಷ್‌ನಲ್ಲಿ ಚುಕ್ಕೆ ಇಟ್ಟೂ ಇಡದೆಯೂ ಹುಡುಕಿ.