ಅಲಾರಂ ಇಡಬೇಕೋ, ರಿಮೈಂಡರ್ ಹಾಕಬೇಕೋ?

ರಾತ್ರಿ 8ಕ್ಕೆ ಬಿಪಿ ಮಾತ್ರೆ, 20 ನಿಮಿಷ ಬಿಟ್ಟು ನೀರಿನ ಮೋಟಾರ್ ಆಫ್: ತಪ್ಪಿದರೆ ನಷ್ಟವಾಗುವ ಇಂಥ ಕೆಲಸಕ್ಕೆ ಅಲಾರಂ ಇಡಿ. ಐಫೋನ್ ಸೈಲೆಂಟ್‌ನಲ್ಲಿದ್ದರೂ ಅದು ಕೂಗುತ್ತದೆ. ರಿಮೈಂಡರ್ ಸಾಮಾನ್ಯವಾಗಿ ಒಮ್ಮೆ ಟಿಂಗ್ ಅಂದು ನೋಟಿಫಿಕೇಶನ್ ರಾಶಿಯಲ್ಲಿ ಸೇರಿಹೋಗುತ್ತದೆ. ಬೇರೆ ಮೆಸೇಜುಗಳ ಜೊತೆ ಅದನ್ನೂ ಸರಿಸಿಬಿಟ್ಟರೆ ಕೆಲಸ ಕಣ್ಣಿಂದ ಮರೆಯಾಯಿತು, ಮುಗಿದಿರುವುದಿಲ್ಲ.

ಅಲಾರಂ ಸೋಲುವುದು ಮುಂದೂಡುವಾಗ. ಗೂಗಲ್ ಕ್ಲಾಕ್‌ನಲ್ಲಿ ಸ್ನೂಜ್ ಮೊದಲಿಗೆ 10 ನಿಮಿಷ ಇರುತ್ತದೆ, ಸೆಟ್ಟಿಂಗ್ಸ್‌ನಲ್ಲಿ 1ರಿಂದ 30ರವರೆಗೆ ಬದಲಿಸಬಹುದು. ಐಫೋನಿನಲ್ಲಿ ವರ್ಷಗಟ್ಟಲೆ 9 ನಿಮಿಷವೇ ಗತಿ. ಅದರ ತಂತ್ರಾಂಶದ ಐಓಎಸ್ 26 ಆವೃತ್ತಿಯಲ್ಲಿ 1ರಿಂದ 15 ಆಯಿತು. ಆದರೆ ಸ್ನೂಜ್ ಒತ್ತುವ ಗಳಿಗೆಯಲ್ಲಿ ನಮಗೆ ಬೇಕಿರುವುದು ‘ಊಟ ಆದಮೇಲೆ’, ‘ನಾಳೆ ಬೆಳಿಗ್ಗೆ’ ಅನ್ನುವ ಆಯ್ಕೆ. ಅದು ಅಲಾರಂ ಪರದೆಯ ಮೇಲೇ ಇರಬೇಕಿತ್ತು.

ಕರೆಂಟ್ ಬಿಲ್, ಗ್ಯಾಸ್ ಬುಕಿಂಗ್‌ನಂಥದ್ದಕ್ಕೆ ರಿಮೈಂಡರೇ ಮೇಲು. ಐಫೋನಿನಲ್ಲಿ ನೋಟಿಫಿಕೇಶನ್ ಒತ್ತಿ ಹಿಡಿದರೆ ಒಂದು ಗಂಟೆ ಬಿಟ್ಟು ಅಥವಾ ನಾಳೆ ನೆನಪಿಸು ಎನ್ನಬಹುದು. ಮನೆ ತಲುಪಿದಾಗ ನೆನಪಿಸುವಂತೆಯೂ ಇಡಬಹುದು.

ಆಂಡ್ರಾಯ್ಡ್‌ನಲ್ಲಿ ರಿಮೈಂಡರ್ ತಡವಾಗಿ ಬಂದರೆ ಬಹುಮಟ್ಟಿಗೆ ಕಾರಣ ಬ್ಯಾಟರಿ ಉಳಿತಾಯ. ಆ ಆ್ಯಪ್‌ನ ಬ್ಯಾಟರಿ ಬಳಕೆಗೆ ನಿರ್ಬಂಧ ತೆಗೆಯಿರಿ. ಆಂಡ್ರಾಯ್ಡ್ 12 ಅಥವಾ ನಂತರದ್ದಾದರೆ ‘ಅಲಾರಂ ಮತ್ತು ರಿಮೈಂಡರ್’ ಅನುಮತಿಯನ್ನೂ ನೋಡಿ.

ಮಾತ್ರೆಗೆ ಮಾತ್ರ ಎರಡೂ ಇರಲಿ. ಎಬ್ಬಿಸಲು ಅಲಾರಂ, ನುಂಗಿದ ಮೇಲೆ ಟಿಕ್ ಹಾಕಲು ರಿಮೈಂಡರ್. ಟಿಕ್ ಇದ್ದರೆ ‘ತಗೊಂಡೆನೋ ಇಲ್ಲವೋ’ ಎಂದು ಎರಡನೇ ಸಲ ನುಂಗುವ ಅಪಾಯ ತಪ್ಪುತ್ತದೆ.