ಸರ್ಕಲ್‌ನವರು, ಆ್ಯಪ್‌ನವರು, ಅಂಗಡಿಯವರ ಕಡೆಯವರು: ಯಾರನ್ನು ಮನೆಯೊಳಗೆ ಬಿಡೋದು?

ಮೈಸೂರು ಕುವೆಂಪುನಗರದ ನಮ್ಮ ಮನೆಗೆ ಮೂವತ್ತೈದು ವರ್ಷ. ಪೈಪು, ವೈರು, ಗಾರೆ ಎಲ್ಲಕ್ಕೂ ಒಟ್ಟಿಗೇ ವಯಸ್ಸಾಗಿದೆ. ಕಳೆದ ಒಂದು ವರ್ಷದಲ್ಲಿ ಬಚ್ಚಲಿನ ಪೈಪು ಸೋರಿತು, ಗೌರಿ ಹಬ್ಬಕ್ಕೆ ಮುಂಚೆ ಬಣ್ಣ ಹೊಡೆಸಿದೆವು, ಸಂಪ್ ತೊಳೆಸಿದೆವು, ಎರಡು ಸಲ ತೆಂಗಿನಕಾಯಿ ಕೀಳಿಸಿದೆವು. ನಮ್ಮ ಯಜಮಾನರು ವಾರವಿಡೀ ಬೆಂಗಳೂರಿನಲ್ಲಿ. ನಾನು ಹತ್ತಕ್ಕೆ ಕೆಲಸಕ್ಕೆ ಹೊರಟರೆ ಮನೆಯಲ್ಲಿ ಎಪ್ಪತ್ತೆಂಟರ ಅಮ್ಮ ಒಬ್ಬರೇ. ಯಾರೇ ಬರಲಿ, "ಕಾಫಿ ಕುಡೀತೀಯೇನಪ್ಪ" ಅಂತ ಅಡುಗೆಮನೆಗೆ ಹೋಗುತ್ತಾರೆ. ಹಾಗೆ ಹೋದಾಗ ಮುಂಬಾಗಿಲೂ ತೆರೆದಿರುತ್ತದೆ, ಬೀರುವಿನ ಕೀಲಿಕೈಯೂ ಬೀರುವಿನಲ್ಲೇ ಇರುತ್ತದೆ.

ಹಾಗಾಗಿ ರೇಟು, ಅಚ್ಚುಕಟ್ಟು ಎಲ್ಲ ನನಗೆ ಆಮೇಲಿನ ಮಾತು. ಮೊದಲು ಕೇಳಿಕೊಳ್ಳುವುದು ಒಂದೇ: ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ ಯಾರ ಬಾಗಿಲಿಗೆ ಹೋಗಿ ನಿಲ್ಲಬೇಕು? ಮೂರು ದಾರಿಯಲ್ಲೂ ಜನ ಕರೆಸಿ ನೋಡಿದ್ದೇನೆ.

ಬಣ್ಣಕ್ಕೆ ಕರೆತಂದದ್ದು ಸರ್ಕಲ್‌ನಿಂದ. ಬೆಳಿಗ್ಗೆ ಏಳರಿಂದ ಎಂಟೂವರೆವರೆಗೆ ಬುತ್ತಿ ಡಬ್ಬಿ, ಕರಣೆ, ಬ್ರಷ್ಷು ಹಿಡಿದುಕೊಂಡು ನಿಂತಿರುತ್ತಾರಲ್ಲ, ಅವರು. ನಂಜನಗೂಡು, ಟಿ. ನರಸೀಪುರ, ಶ್ರೀರಂಗಪಟ್ಟಣದ ಕಡೆಯಿಂದ ಮೊದಲ ಬಸ್ಸಿಗೆ ಬಂದವರೇ ಹೆಚ್ಚು. ಆಳಿಗೆ ದಿನಕ್ಕೆ 900 ಅಂತ ಒಬ್ಬರ ಹತ್ತಿರ ಮಾತಾಯಿತು, 4,000 ಅಡ್ವಾನ್ಸ್ ಕೊಟ್ಟೆ. ಮೊದಲ ದಿನ ಅವರೇ ಬಂದರು. ಎರಡನೇ ದಿನ ಗೇಟಿನ ಹತ್ತಿರ ಮೂವರು ಹೊಸಬರು.

"ಅಣ್ಣ ಬ್ಯಾರೆ ಕಡೆ ಕೆಲ್ಸ ಹಿಡಿದವ್ನೆ ಕನಕ್ಕ, ನಮ್ಮುನ್ನ ಕಳಿಸವ್ನೆ."

ಆ ಹೊತ್ತಿಗೆ ಮನೆ ಹೇಗಿತ್ತು ಅಂದರೆ, ಬೀರು ಹಾಲ್‌ಗೆ ಬಂದಿತ್ತು, ಮಂಚದ ಕೆಳಗಿನ ಪೆಟ್ಟಿಗೆಗಳೆಲ್ಲ ವರಾಂಡದಲ್ಲಿದ್ದವು. ಬೇರೆ ಯಾವ ಕೆಲಸದವರೂ ಬಣ್ಣದವರಷ್ಟು ಮನೆಯ ಮೂಲೆಮೂಲೆ ನೋಡುವುದಿಲ್ಲ. ಮೂವರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿಲ್ಲ. ಎರಡು ದಿನ ರಜೆ ಹಾಕಿ ಕೂತೆ. ಪಾಪ, ಒಳ್ಳೆಯ ಹುಡುಗರು. ಒಂದು ಸೂಜಿ ಕಳೆಯಲಿಲ್ಲ. ಆದರೆ ನಾನು ಕೊಟ್ಟ ಅಡ್ವಾನ್ಸ್‌ನಲ್ಲಿ ಅವರಿಗೆ ಒಂದು ರೂಪಾಯಿಯೂ ತಲುಪಿರಲಿಲ್ಲ. "ಅಣ್ಣ"ನ ಫೋನು ಸ್ವಿಚ್ ಆಫ್. ಸರ್ಕಲ್‌ಗೆ ಹೋಗಿ ವಿಚಾರಿಸಿದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಡುಗರಿಗೆ ಕೂಲಿ ಇನ್ನೊಂದು ಸಲ ಕೊಟ್ಟೆ. ಹೋಗಿ ನಿಲ್ಲುವುದಕ್ಕೆ ಅಲ್ಲಿ ಬಾಗಿಲೇ ಇಲ್ಲ.

ಹಾಗಂತ ಸರ್ಕಲ್‌ನವರನ್ನು ಬಿಟ್ಟಿಲ್ಲ. ಹಿತ್ತಲ ಕಳೆ, ಕಾಂಪೌಂಡಿನ ಗಾರೆ, ಮರಳು ಸಾಗಿಸುವುದು, ಇಂಥ ಹೊರಗಿನ ಕೆಲಸಕ್ಕೆ ಈಗಲೂ ಅಲ್ಲಿಂದಲೇ. ಅಡ್ವಾನ್ಸ್ ಇಲ್ಲ, ಸಂಜೆ ಲೆಕ್ಕ ಸಂಜೆಗೇ, ಕೆಲಸ ಮಾಡಿದವರ ಕೈಗೇ. ಇನ್ನೊಂದು ಕಲಿತೆ. ಆಧಾರ್ ಕೇಳಿದರೆ ಮುಖ ಸಣ್ಣಗಾಗುತ್ತದೆ, ಕಳ್ಳರು ಅಂದುಕೊಂಡಳು ಅಂತ. "ಲೇಬರ್ ಕಾರ್ಡ್ ಮಾಡಿಸಿದ್ದೀರಾ?" ಅಂದರೆ ತಾವೇ ತೆಗೆದು ತೋರಿಸುತ್ತಾರೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಅದು. 18ರಿಂದ 60 ವಯಸ್ಸಿನೊಳಗಿದ್ದು ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರಿಗೆ ಸಿಗುತ್ತದೆ. ನನಗೆ ಫೋಟೊ, ಹೆಸರು ಗೊತ್ತಾಗುತ್ತದೆ. ಅವರಿಗೆ ಕೆಲಸದಲ್ಲಿ ಪೆಟ್ಟಾದರೆ ಮಂಡಳಿಯ ನೆರವು ಕೇಳುವ ದಾರಿಯೂ ಇರುತ್ತದೆ. ಆಧಾರ್ ಪಡೆಯಲೇಬೇಕು ಅಂತಿದ್ದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕು. ಪೂರ್ತಿ ನಂಬರು ನಮ್ಮ ವಾಟ್ಸಾಪಿನಲ್ಲಿ ಬಿದ್ದಿರುವುದು ಅವರಿಗೂ ಒಳ್ಳೆಯದಲ್ಲ.

ಪೈಪು ಸೋರಿದಾಗ ಆ್ಯಪ್. ಫೋಟೊ, ಹೆಸರು, ಸ್ಟಾರು, ಬರುವ ಹೊತ್ತು ಎಲ್ಲ ಫೋನಿನಲ್ಲೇ. ಬಂದವರಿಗೆ ನಾವು ಒಟಿಪಿ ಹೇಳಿದ ಮೇಲೇ ಕೆಲಸ ಶುರು. ನನ್ನ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ ಅಂದುಕೊಂಡೆ. ಬಾಗಿಲು ತೆಗೆದರೆ ಫೋಟೊದಲ್ಲಿದ್ದವರು ಬೇರೆ, ನಿಂತವರು ಬೇರೆ. "ಅದು ನಮ್ಮಣ್ಣಂದು ಐಡಿ ಮೇಡಂ, ಅವ್ರಿಗೆ ಹುಷಾರಿಲ್ಲ." ನಿಜವೇ ಇರಬಹುದು. ಒಟಿಪಿ ಹೇಳಲಿಲ್ಲ, ಕಳಿಸಿಬಿಟ್ಟೆ. ಕಂಪನಿಗೆ ಫೋನ್ ಮಾಡಿದರೆ ಇಪ್ಪತ್ತು ನಿಮಿಷ ಸಂಗೀತ, ಆಮೇಲೆ ಹಿಂದಿ, ಕೊನೆಗೆ ಕ್ಯಾನ್ಸಲ್ ಮಾಡಿದ್ದಕ್ಕೆ ನನಗೇ ದಂಡ.

ಸಿಟ್ಟಿಗೆ ನಮ್ಮವರು ಬೆಂಗಳೂರಿನಲ್ಲೇ ಕೂತು ಗೂಗಲ್‌ನಲ್ಲಿ ಪ್ಲಂಬರ್ ನಂಬರು ಹುಡುಕಿದರು. ಆ ಕಡೆಯ ಧ್ವನಿ ಬಲು ಮರ್ಯಾದೆಯಿಂದ, "ಬುಕಿಂಗ್‌ಗೆ ಹತ್ತು ರೂಪಾಯಿ ಸರ್, ಕಳಿಸಿರೋ ಫೈಲ್ ಇನ್‌ಸ್ಟಾಲ್ ಮಾಡಿ" ಅಂದಿತಂತೆ. ನಲ್ಲಿ ರಿಪೇರಿಗೆ ಫೋನಿನಲ್ಲಿ ಫೈಲ್ ಯಾಕೆ ಅಂತ ಇವರಿಗೆ ಹೊಳೆದದ್ದು ನಮ್ಮ ಪುಣ್ಯ. ಹಾಗೆ ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು, ಸೈಬರ್ ವಂಚನೆಯ ದೂರಿಗೆ ಇರುವ ನಂಬರು. ಮನೆಗೆ ಯಾರೂ ಕಾಲಿಡದೆಯೇ ಕಳುವಾಗುವ ಬಗೆ ಇದು.

ಮಾರನೇ ದಿನ ಆ್ಯಪ್‌ನಿಂದಲೇ ಇನ್ನೊಬ್ಬರು ಬಂದರು. ಈ ಸಲ ಫೋಟೊದ ಮುಖವೇ. ಕೆಲಸ ಚೊಕ್ಕಟ. ಬಿಲ್ಲು 1,340, ನಮ್ಮ ಬೀದಿಯವರಾದರೆ 600 ತೆಗೆದುಕೊಳ್ಳುತ್ತಿದ್ದರು. ಹೊರಡುವಾಗ ಮೆಲ್ಲಗೆ, "ಮುಂದಿನ ಸಲ ನಂಗೇ ಕಾಲ್ ಮಾಡಿ ಮೇಡಂ, 500ಕ್ಕೆ ಮಾಡ್ಕೊಡ್ತೀನಿ." ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಹಾಗೆ ಕರೆದ ಗಳಿಗೆಯಿಂದ ಬಿಲ್ಲಿಲ್ಲ, ಗ್ಯಾರಂಟಿ ಇಲ್ಲ, ಅವರು ನಮ್ಮ ಮನೆಗೆ ಬಂದರು ಅನ್ನುವ ದಾಖಲೆಯೂ ಇಲ್ಲ. ಮತ್ತೆ ಸರ್ಕಲ್‌ಗೇ ಬಂದ ಹಾಗಾಯಿತು, ರೇಟು ಮಾತ್ರ ಬೇರೆ. ಅದೇ ವಾರ ಪೈಪು ಮತ್ತೆ ತೊಟ್ಟಿಕ್ಕಿದಾಗ ಗ್ಯಾರಂಟಿಯಲ್ಲಿ ಬಿಟ್ಟಿಯಾಗಿ ಸರಿಮಾಡಿಸಿಕೊಂಡೆ.

ಇನ್ನು ಮೂರನೆಯದು, ಬೀದಿ ತುದಿಯ ಹಾರ್ಡ್‌ವೇರ್ ಅಂಗಡಿ ಶೆಟ್ಟರು ಕಳಿಸುವವರು. ಇಲ್ಲಿ ಬಾಗಿಲು ಕಣ್ಣೆದುರಿಗೇ ಇದೆ, ಶಟರ್ ಎತ್ತುವುದು ಬೆಳಿಗ್ಗೆ ಒಂಬತ್ತಕ್ಕೆ. ಕೆಲಸದವರಿಗೆ ಅಂಗಡಿಯ ಋಣ, ಅಂಗಡಿಗೆ ಬೀದಿಯ ಋಣ. ಒಂದು ಮನೆಯಲ್ಲಿ ಹೆಸರು ಕೆಟ್ಟರೆ ನಲವತ್ತು ಮನೆ ಹೋಗುತ್ತದೆ. ತೊಂದರೆ ಏನೆಂದರೆ, "ಈಗ್ಲೇ ಬಂದೆ ಅಮ್ಮ" ಅಂದರೆ ನಾಳಿದ್ದು ಅಂತ ಅರ್ಥ. ಅದಕ್ಕಿಂತ ದೊಡ್ಡ ತೊಂದರೆ ದಾಕ್ಷಿಣ್ಯ. ಗೊತ್ತಿರುವವರು ಅಂತ ಕೀಲಿಕೈ ತುಳಸಿಕಟ್ಟೆ ಹಿಂದೆ ಇಟ್ಟು ಹೋಗಿದ್ದೇನೆ. ಗೊತ್ತಿರುವವರು ಅಂತ ಅವರ ಜೀವದ ವಿಷಯದಲ್ಲೂ ಬಾಯಿ ಮುಚ್ಚಿಕೊಂಡಿರುತ್ತಿದ್ದೆ, ಸಂಪ್ ತೊಳೆಯುವ ದಿನ ಆ ಅಭ್ಯಾಸ ತಪ್ಪಿತು.

ಆವತ್ತು ಮುಚ್ಚಳ ತೆಗೆದು ಐದು ನಿಮಿಷ ಆಗಿರಲಿಲ್ಲ, ಶೆಟ್ಟರು ಕಳಿಸಿದವರು ಇಳಿಯುವುದಕ್ಕೆ ಲುಂಗಿ ಕಟ್ಟಿದರು. ಕೈಯಲ್ಲಿ ಉದ್ದ ವೈರಿಗೆ ನೇತುಹಾಕಿದ ಬಲ್ಬು, ಜಾಯಿಂಟಿಗೆ ಸುತ್ತಿದ್ದು ಬಿಳಿ ಪ್ಲಾಸ್ಟರು. ಕಾಲ್ಕೆಳಗೆ ನೀರು, ಕೈಯಲ್ಲಿ 230 ವೋಲ್ಟು.

"ಬೇಡ, ನಿಲ್ಲಿ" ಅಂದೆ.

"ಇಪ್ಪತ್ತು ವರ್ಸದಿಂದ ಇಳಿತಿವ್ನಿ ಕನಕ್ಕ, ಏನೂ ಆಗಕಿಲ್ಲ ಬುಡಿ."

ಬಿಡಲಿಲ್ಲ. ತಿಂಗಳುಗಟ್ಟಲೆ ಮುಚ್ಚಿದ ಸಂಪಿನೊಳಗೆ ಉಸಿರಾಡುವ ಗಾಳಿ ಇದೆ ಅಂತ ಹೇಳಲಾಗದು. ಕೆಟ್ಟ ವಾಸನೆ ಬರಲೇಬೇಕು ಅಂತಲೂ ಇಲ್ಲ. ಮೋಟರ್ ಸ್ವಿಚ್ ಅಲ್ಲ, ಬೋರ್ಡಿನಲ್ಲಿ ಕರೆಂಟನ್ನೇ ಕಡಿಯುವ ಎಂಸಿಬಿಯನ್ನೇ ಇಳಿಸಿದೆ. ಬಲ್ಬು ತೆಗೆಸಿ ತಲೆಗೆ ಕಟ್ಟುವ ಬ್ಯಾಟರಿ ಟಾರ್ಚು ಕೊಟ್ಟೆ. ಕೆಲಸ ಮಾರನೇ ದಿನಕ್ಕೆ ಹಾಕಿ ಮುಚ್ಚಳ ರಾತ್ರಿಯಿಡೀ ತೆರೆದಿಟ್ಟೆವು, ಮಗು ನಾಯಿ ಬೀಳದಂತೆ ಮೇಲೆ ಕಬ್ಬಿಣದ ಜಾಲರಿ. ಇಳಿದವರ ಸೊಂಟಕ್ಕೆ ಹಗ್ಗ, ಮೇಲೆ ಇನ್ನೊಬ್ಬರು ಕಾವಲು. ಒಳಗಿದ್ದವರು ಕುಸಿದರೆ ಮೇಲಿನವರು ಹಿಂದೆಯೇ ಇಳಿಯಕೂಡದು, ಹಗ್ಗ ಎಳೆಯಬೇಕು, 112ಕ್ಕೆ ಫೋನ್ ಮಾಡಬೇಕು. ಒಬ್ಬರನ್ನು ಉಳಿಸಲು ಹೋಗಿ ಇನ್ನೊಬ್ಬರೂ ಹೋಗುವುದು ಹೀಗೇ. ಸೆಪ್ಟಿಕ್ ಟ್ಯಾಂಕಿನ ಮಾತಂತೂ ಬೇರೆಯೇ. ರಕ್ಷಣೆಯ ಸಲಕರಣೆ ಇಲ್ಲದೆ ಅದರೊಳಗೆ ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ, ಇಳಿಸಿದವರಿಗೆ ಜೈಲು. ಅದಕ್ಕೆ ಮಿಷನ್ನೇ ಕರೆಸಬೇಕು.

ಆ್ಯಪ್ ಆಗಲಿ, ಸರ್ಕಲ್ ಆಗಲಿ, ಶೆಟ್ಟರಾಗಲಿ, ಸಂಪಿನ ಹತ್ತಿರದ ಈ ಎಚ್ಚರಿಕೆಯ ಕೆಲಸ ನನಗಾಗಿ ಯಾರೂ ಮಾಡಿಕೊಡುತ್ತಿರಲಿಲ್ಲ. ಬಾಗಿಲಿನ ಪ್ರಶ್ನೆ ಕೆಲಸದವರ ಮನೆಯವರದ್ದೂ ಹೌದು. ಅವರಿಗೆ ಏನಾದರೂ ಆದರೆ ಆ ಮನೆಯವರು ಬಂದು ನಿಲ್ಲುವುದು ನನ್ನ ಬಾಗಿಲಿಗೆ.

ತೆಂಗಿನಕಾಯಿಯದು ಚಿಕ್ಕ ಕಥೆ. ಒಂದು ಮರ ಕರೆಂಟ್ ಲೈನಿಗೆ ಹತ್ತಿರ. ಅಲ್ಯೂಮಿನಿಯಂ ದೋಟಿ ತಂದವರನ್ನು ವಾಪಸು ಕಳಿಸಿದೆ. ಗರಿ ಲೈನಿಗೆ ತಾಗುತ್ತಿದ್ದರೆ ಕರೆಂಟ್ ಕಂಪನಿ ಚೆಸ್ಕಾಂಗೆ, 1912ಕ್ಕೆ ಫೋನ್ ಮಾಡಿ ಹೇಳುವುದು ಮೊದಲು. ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ ಅಂತ ನಮ್ಮ ಕಾಯಿ ಕೀಳುವವರಿಗೆ ಹೇಳಿದೆ. ನಕ್ಕರು. ಮುಂದಿನ ಸಲ ಮತ್ತೆ ಹೇಳುತ್ತೇನೆ.

ಈಗ ಟಿ.ವಿ. ಪಕ್ಕ ಒಂದು ನೋಟ್‌ಬುಕ್ ಇದೆ. ಬಂದವರ ಹೆಸರು, ಫೋನು, ಗಾಡಿ ನಂಬರು, ಬಂದ ಹೊತ್ತು, ಹೋದ ಹೊತ್ತು ಬರೆಯುವುದು ಅಮ್ಮನ ಪಾಲಿನ ಕೆಲಸ. ಕೆಎ 11 ಕಂಡರೆ "ಮಂಡ್ಯದಲ್ಲಿ ಯಾವೂರಪ್ಪ?" ಅಂತ ಶುರುಮಾಡಿ ಎರಡು ತಲೆಮಾರಿನ ವಿಳಾಸ ತೆಗೆಯುತ್ತಾರೆ. ನನ್ನ ಯಾವ ಆ್ಯಪ್‌ಗೂ ಅದು ಸಾಧ್ಯವಿಲ್ಲ.

ಮುಂದಿನ ತಿಂಗಳು ಹಳೇ ವೈರಿಂಗ್ ಬದಲಾಯಿಸಿ, ಕರೆಂಟು ಸೋರಿದರೆ ತಾನೇ ಕಡಿದುಬಿಡುವ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಬೇಕು. ಶೆಟ್ಟರ ಕಡೆಯವರಿಗೇ ಹೇಳಿದ್ದೇನೆ. ನಮ್ಮ ಯಜಮಾನರು ಊರಿನಲ್ಲಿರುವ ಶನಿವಾರ, ಬಿಲ್ಲು ಬರೆಸಿಕೊಂಡು, ಕೀಲಿಕೈ ನನ್ನ ಸೊಂಟದಲ್ಲಿ.