ಫ್ಯಾಕ್ಟರಿಯಲ್ಲೇ ಓವರ್‌ಕ್ಲಾಕ್ ಆಗಿ ಬಂದ 3060 ಟಿಐ: ಏಳು ತಿಂಗಳು ಬಳಸಿದ ಮೇಲೆ

ನನ್ನ ಕಂಪ್ಯೂಟರ್ ಇರುವುದು ಮಲಗುವ ಕೋಣೆಯಲ್ಲೇ. ಮೇಜಿನಿಂದ ನಾಲ್ಕಡಿ ದೂರಕ್ಕೆ ಮಗಳ ತೊಟ್ಟಿಲು. ಅವಳು ನಿದ್ದೆ ಹೋದ ಮೇಲಿನ ಎರಡು ಗಂಟೆ ನನ್ನ ಆಟದ ಹೊತ್ತು. ಹಳೆಯ ಗ್ರಾಫಿಕ್ಸ್ ಕಾರ್ಡ್‌ನ (ಆಟದ ಚಿತ್ರಗಳನ್ನು ಪರದೆಗೆ ಮೂಡಿಸುವ ಭಾಗ) ಫ್ಯಾನ್ ಜೋರಾಗಿ ತಿರುಗಿದಾಗಲೆಲ್ಲ ಅವಳು ಮಗ್ಗುಲು ಬದಲಿಸುತ್ತಿದ್ದಳು, ನನ್ನ ಕೈ ಕೀಬೋರ್ಡ್ ಮೇಲೇ ನಿಂತುಬಿಡುತ್ತಿತ್ತು. ಹೀಗಿದ್ದೂ ಹೊಸ ಕಾರ್ಡ್ ಆರಿಸುವಾಗ ನಾನು ನೋಡಿದ್ದು ವೇಗವನ್ನೇ. ಆರ್‌ಟಿಎಕ್ಸ್ 3060 ಟಿಐ ಚಿಪ್‌ಗೆ ಅದರ ಕಂಪನಿ ಎನ್‌ವಿಡಿಯಾ ಕೊಟ್ಟಿರುವ ಬೂಸ್ಟ್ ವೇಗ, ಅಂದರೆ ಕೆಲಸದ ಹೊತ್ತಿನ ವೇಗ, 1665 ಮೆಗಾಹರ್ಟ್ಸ್. ನಾನು ತಂದ ಮೂರು ಫ್ಯಾನಿನ ಓಸಿ (ಓವರ್‌ಕ್ಲಾಕ್, ಅಂದರೆ ಕಾರ್ಖಾನೆಯಲ್ಲೇ ವೇಗ ಏರಿಸಿದ) ಕಾರ್ಡ್‌ನ ಡಬ್ಬಿ ಮೇಲೆ 1800 ಎಂದಿತ್ತು. ನೂರಕ್ಕೆ ಎಂಟರಷ್ಟು ಜಾಸ್ತಿ, ಆಟದಲ್ಲೂ ಅಷ್ಟೇ ಸಿಗುತ್ತದೆ ಅಂತ ನಂಬಿ ಮಾಮೂಲಿ ಕಾರ್ಡ್ ಬಿಟ್ಟು ಇದಕ್ಕೆ ಹೆಚ್ಚು ದುಡ್ಡು ಕೊಟ್ಟೆ.

ಲೆಕ್ಕ ತಪ್ಪಾಗಿತ್ತು. 2012ರಲ್ಲಿ ಎನ್‌ವಿಡಿಯಾದ ಜಿಟಿಎಕ್ಸ್ 680 ಕಾರ್ಡ್ ಜೊತೆ ಜಿಪಿಯು ಬೂಸ್ಟ್ ಎಂಬ ವ್ಯವಸ್ಥೆ ಬಂತು. ಅಲ್ಲಿಂದೀಚೆಗೆ ಕಾರ್ಡ್ ತನ್ನ ವೇಗವನ್ನು ತಾನೇ ನೋಡಿಕೊಳ್ಳುತ್ತದೆ. ಚಿಪ್ ತಣ್ಣಗಿದ್ದು ವಿದ್ಯುತ್ ಮಿತಿಯೊಳಗೆ ಇನ್ನೂ ಜಾಗವಿದ್ದರೆ ಡಬ್ಬಿ ಮೇಲಿನ ಸಂಖ್ಯೆಯನ್ನು ದಾಟಿ ಮೇಲೇರುತ್ತದೆ, ಬಿಸಿಯಾದಂತೆ ಸಣ್ಣ ಸಣ್ಣ ಮೆಟ್ಟಿಲುಗಳಲ್ಲಿ ಇಳಿಯುತ್ತದೆ. ಅದಕ್ಕೂ ಹಿಂದಿನ ಕಾರ್ಡ್‌ಗಳು ಬರೆದ ವೇಗದಲ್ಲೇ ಓಡುತ್ತಿದ್ದವು, ಹಾಗಾಗಿ ಆಗ ಆ ಸಂಖ್ಯೆಗೆ ಬೆಲೆಯಿತ್ತು. ಈಗ ಮಾಮೂಲಿ ಕಾರ್ಡೂ 1665ರಲ್ಲಿ ನಿಲ್ಲುವುದಿಲ್ಲ.

ಇದನ್ನು ಕಣ್ಣಾರೆ ನೋಡಿದ್ದು ತಮ್ಮನ ಕಾರ್ಡಿನಿಂದ. ಅವನದ್ದೂ 3060 ಟಿಐ, ಎರಡು ಫ್ಯಾನಿನ ಸಾದಾ ಮಾದರಿ. ಒಂದು ಭಾನುವಾರ ಅದನ್ನು ತರಿಸಿಕೊಂಡು ನನ್ನದೇ ಕ್ಯಾಬಿನೆಟ್‌ನಲ್ಲಿ ಕೂರಿಸಿದೆ. ಅದೇ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ), ಅದೇ 1440ಪಿ ಮಾನಿಟರ್. ರೆಡ್ ಡೆಡ್ ರಿಡೆಂಪ್ಷನ್ 2 ಆಟದ ಒಳಗೇ ಇರುವ ಬೆಂಚ್‌ಮಾರ್ಕನ್ನು (ವೇಗ ಅಳೆಯುವ ಪರೀಕ್ಷೆ) ಎರಡಕ್ಕೂ ಮೂರು ಮೂರು ಸಲ ಓಡಿಸಿದೆ. ಅವನ ಕಾರ್ಡ್ 1890ರ ಆಸುಪಾಸಿನಲ್ಲಿ ಓಡಿ ಸೆಕೆಂಡಿಗೆ ಸರಾಸರಿ 76 ಫ್ರೇಮ್ (ಚಿತ್ರ) ಕೊಟ್ಟಿತು. ನನ್ನದು 1965ರಲ್ಲಿ ಓಡಿ 78. ಎರಡೇ ಫ್ರೇಮ್! ಇದಕ್ಕೆ ಇನ್ನೊಂದು ಕಾರಣವೂ ಇದೆ. ಚಿಪ್‌ನ ವೇಗ ಏರಿಸಿದ ಕಂಪನಿ ಮೆಮೊರಿಯನ್ನು ಮುಟ್ಟಿಲ್ಲ. ಎರಡರಲ್ಲೂ ಅದೇ 8 ಜಿಬಿ ಜಿಡಿಡಿಆರ್6 ಮೆಮೊರಿ, ಸೆಕೆಂಡಿಗೆ ಅದೇ 448 ಜಿಬಿ ಸಾಗಣೆ. ಚಿಪ್ ಎಷ್ಟೇ ಅವಸರ ಮಾಡಿದರೂ ಡೇಟಾ ಬರುವ ದಾರಿ ಅಗಲವಾಗಲಿಲ್ಲ.

ಆದರೆ ಅದೇ ದಿನ ಕಿವಿಗೆ ಬಿದ್ದದ್ದು ಬೇರೆಯೇ ವಿಷಯ. ತಮ್ಮನ ಕಾರ್ಡ್ 74 ಡಿಗ್ರಿಗೆ ಹೋಗಿ, ಫ್ಯಾನ್ ನಿಮಿಷಕ್ಕೆ 2100 ಸುತ್ತು ತಿರುಗುತ್ತಿತ್ತು. ಬಾಗಿಲಾಚೆಗೂ ಕೇಳುವ ಸದ್ದು. ನನ್ನದು ಅವನದಕ್ಕಿಂತ 25 ವ್ಯಾಟ್ ಹೆಚ್ಚು ಎಳೆಯುತ್ತಿದ್ದರೂ 63 ಡಿಗ್ರಿ, 1300 ಸುತ್ತು. ಮೇಜಿನ ಮುಂದೆ ಕೂತವನಿಗೇ ಕಿವಿಗೊಟ್ಟರೆ ಮಾತ್ರ ಗೊತ್ತಾಗುವಷ್ಟು. ಉದ್ದದ ಹೀಟ್‌ಸಿಂಕ್, ದಪ್ಪ ತಾಮ್ರದ ಕೊಳವೆಗಳು, ನಿಧಾನ ತಿರುಗುವ ದೊಡ್ಡ ಫ್ಯಾನ್‌ಗಳು: ನಾನು ಕೊಟ್ಟ ಹೆಚ್ಚಿನ ಹಣ ಹೋಗಿರುವುದು ಇವುಗಳಿಗೆ. ಬ್ರೌಸಿಂಗ್ ಮಾಡುವಾಗಲೂ ಸಿನಿಮಾ ನೋಡುವಾಗಲೂ ಫ್ಯಾನ್ ಪೂರ್ತಿ ನಿಂತೇ ಇರುತ್ತದೆ. ಮಗಳು ಒಂದು ರಾತ್ರಿಯೂ ಇದರ ಸದ್ದಿಗೆ ಎದ್ದಿಲ್ಲ. ಈ ಕಾರ್ಡ್ ನನಗೆ ಇಷ್ಟವಾಗಿರುವುದು ಇದೊಂದಕ್ಕೇ, ಇಷ್ಟು ಸಾಕು ಕೂಡ.

ಬೇಸರದ ಸಂಗತಿಯನ್ನೂ ಹೇಳಲೇಬೇಕು. ಎರಡನೇ ತಿಂಗಳಲ್ಲಿ ಒಂದು ಆಟ ನಡುನಡುವೆ ನಿಂತುಹೋಗತೊಡಗಿತು. ಪರದೆ ಕಪ್ಪಾಗಿ, ಕೆಲವು ಕ್ಷಣದ ನಂತರ ಡೆಸ್ಕ್‌ಟಾಪ್ ಕಾಣಿಸುವುದು. ವಿಂಡೋಸ್‌ನ ದೋಷಗಳ ದಾಖಲೆ ಇವೆಂಟ್ ವ್ಯೂವರ್ ತೆರೆದರೆ 4101 ಎಂಬ ಸಂಖ್ಯೆ, ಅಂದರೆ ಡಿಸ್‌ಪ್ಲೇ ಡ್ರೈವರ್ ಪ್ರತಿಕ್ರಿಯಿಸದೆ ನಿಂತು ಮತ್ತೆ ಎದ್ದಿದೆ. ಕಾರ್ಡ್ ತಯಾರಿಸಿದ ಕಂಪನಿಗೆ ಬರೆದೆ. ನಿಮ್ಮ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಸರಿಯಿಲ್ಲ ಎಂಬ ಉತ್ತರ ಬಂತು. ತಮ್ಮನ 750 ವ್ಯಾಟ್‌ನದನ್ನು ಹಾಕಿ ನೋಡಿದೆ, ಅದೇ ಗತಿ. ಕೊನೆಗೆ ಆಫ್ಟರ್‌ಬರ್ನರ್ ಎಂಬ, ಕಾರ್ಡ್ ಹೊಂದಿಸುವ ತಂತ್ರಾಂಶದಲ್ಲಿ ವೇಗವನ್ನು 45 ಮೆಗಾಹರ್ಟ್ಸ್ ತಗ್ಗಿಸಿದ ರಾತ್ರಿಯಿಂದ ಆಟ ಒಮ್ಮೆಯೂ ನಿಲ್ಲಲಿಲ್ಲ. ಕಾರ್ಖಾನೆಯಲ್ಲಿ ಈ ಚಿಪ್‌ಗೆ ತಾಳಿಕೊಳ್ಳುವುದಕ್ಕಿಂತ ತುಸು ಹೆಚ್ಚೇ ವೇಗ ಹೊರಿಸಿದ್ದರು. ಪರೀಕ್ಷೆ ಮಾಡಿಯೇ ಕಳಿಸುತ್ತೇವೆ ಎಂದು ಡಬ್ಬಿ ಮೇಲೆ ಬರೆದವರು ಹೀಗೆ ಮಾಡಬಾರದಿತ್ತು, ನನಗೆ ನಿಜಕ್ಕೂ ಸಿಟ್ಟು ಬಂದಿತ್ತು.

ಅಲ್ಲಿಂದ ಅಂಡರ್‌ವೋಲ್ಟಿಂಗ್, ಅಂದರೆ ಚಿಪ್ಪನ್ನು ಕಡಿಮೆ ವೋಲ್ಟೇಜ್‌ನಲ್ಲಿ ಓಡಿಸುವುದನ್ನು, ಕಲಿತೆ. ಎಷ್ಟು ವೋಲ್ಟೇಜ್‌ಗೆ ಎಷ್ಟು ವೇಗ ಎಂದು ತೋರಿಸುವ ವೋಲ್ಟೇಜ್ ಕರ್ವ್‌ನಲ್ಲಿ 875 ಮಿಲಿವೋಲ್ಟ್‌ಗೆ 1875 ಮೆಗಾಹರ್ಟ್ಸ್ ಎಂದು ಕಟ್ಟಿಹಾಕಿದ್ದೇನೆ. ಅದೇ ಬೆಂಚ್‌ಮಾರ್ಕ್‌ನಲ್ಲಿ 76 ಫ್ರೇಮ್, 165 ವ್ಯಾಟ್, 57 ಡಿಗ್ರಿ. ಐದು ತಿಂಗಳಿಂದ ಇದೇ ಸೆಟ್ಟಿಂಗ್‌ನಲ್ಲಿ ಆಡುತ್ತಿದ್ದೇನೆ. ನಿಮ್ಮ ಚಿಪ್ ಇದಕ್ಕಿಂತ ಕಡಿಮೆ ವೋಲ್ಟ್‌ನಲ್ಲೂ ಓಡಬಹುದು, ಓಡದೆಯೂ ಇರಬಹುದು. ಒಂದೊಂದೇ ಮೆಟ್ಟಿಲು ಇಳಿಸಿ, ಪ್ರತಿ ಸಲವೂ ಗಂಟೆಗಟ್ಟಲೆ ಆಡಿ ನೋಡಬೇಕು.

ಮೆನು ಪರದೆಯಲ್ಲಿ ಫ್ರೇಮ್‌ಗಳು ನೂರಾರು ದಾಟಿದಾಗ ಕಾರ್ಡ್‌ನ ಕಾಯಿಲ್‌ಗಳು (ತಂತಿ ಸುರುಳಿಗಳು) ಕೀರಲು ದನಿಯಲ್ಲಿ ಸಿಳ್ಳೆ ಹಾಕುತ್ತವೆ. ಡ್ರೈವರ್‌ನಲ್ಲಿ ಫ್ರೇಮ್ ಮಿತಿಯನ್ನು 120ಕ್ಕೆ ಇಟ್ಟ ಮೇಲೆ ಅದೂ ನಿಂತಿದೆ.

ಕೊಳ್ಳುವ ಮುಂಚೆ ಟೇಪ್ ಹಿಡಿದು ಕ್ಯಾಬಿನೆಟ್ ಒಳಗೆ ಅಳೆಯಿರಿ. ಕಾರ್ಡ್ 32 ಸೆಂಟಿಮೀಟರ್ ಉದ್ದ, ಮೂರು ಸ್ಲಾಟ್ ಜಾಗ ನುಂಗುತ್ತದೆ, ಎಸ್‌ಎಂಪಿಎಸ್‌ನಿಂದ ಎರಡು 8 ಪಿನ್ ಕೇಬಲ್ ಬೇಕು. ನನ್ನದರಲ್ಲಿ ಮುಂದಿನ ಹಾರ್ಡ್ ಡಿಸ್ಕ್ ಗೂಡನ್ನು ಬಿಚ್ಚಿ ತೆಗೆಯಬೇಕಾಯಿತು. ತೂಕಕ್ಕೆ ಕಾರ್ಡ್‌ನ ತುದಿ ಒಂದು ಬೆರಳಿನಷ್ಟು ಕೆಳಗೆ ಬಾಗಿತ್ತು. ಡಬ್ಬಿಯಲ್ಲಿ ಆಸರೆ ಕೊಟ್ಟಿರಲಿಲ್ಲ, ನಾನೇ ಒಂದು ಪ್ಲಾಸ್ಟಿಕ್ ಪೈಪನ್ನು ಅಳತೆಗೆ ಕತ್ತರಿಸಿ ಅಡಿಯಲ್ಲಿ ನಿಲ್ಲಿಸಿದ್ದೇನೆ.